ಅಪ್‌ಡೇಟ್: ಕಾರು ಚಾರ್ಜಿಂಗ್ ಅರ್ಧಕ್ಕೇ ನಿಲ್ಲುತ್ತಿದ್ದದ್ದು ಸರಿಹೋಯಿತು

ಮನೆಯ 15 ಆಂಪ್ ಸಾಕೆಟ್‌ಗೆ ಹಾಕಿದರೆ ನಮ್ಮ ಎಲೆಕ್ಟ್ರಿಕ್ ಕಾರು ಚಾರ್ಜ್ ಆಗ್ತಾ ಆಗ್ತಾ ನಿಂತುಹೋಗುತ್ತದೆ ಎಂದು ಕೇಳಿದ್ದೆನಲ್ಲ, ಈಗ ಸರಿಯಾಗಿದೆ. ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ನೋಡಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಎಲೆಕ್ಟ್ರೀಷಿಯನ್ ಅಳೆದಾಗ ನ್ಯೂಟ್ರಲ್‌ಗೂ (ಕರೆಂಟ್ ವಾಪಸ್ ಹೋಗುವ ತಂತಿ) ಅರ್ಥ್‌ಗೂ ನಡುವೆ ವೋಲ್ಟೇಜ್ ಜಾಸ್ತಿ ಇತ್ತು, ಅಂದರೆ ಅರ್ಥಿಂಗ್ ಸರಿಯಿರಲಿಲ್ಲ. ಅರ್ಥಿಂಗ್‌ಗೆ ತೋಡಿದ್ದ ಹಳೇ ಗುಂಡಿಯ ಮಣ್ಣು ಪೂರ್ತಿ ಒಣಗಿತ್ತು. ನೀರು ಸುರಿದರೆ ಸ್ವಲ್ಪ ದಿನ ನಡೆಯಿತು, ಮತ್ತೆ ಅದೇ ಕಥೆ. ಕೊನೆಗೆ ಹೊಸ ಗುಂಡಿ ತೋಡಿಸಿ ಅರ್ಥಿಂಗ್ ಹಾಕಿಸಿದೆ. ಸಾಕೆಟ್ ಬದಲಾಯಿಸಿದ್ದು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಿದ್ದು ಸುಮ್ನೆ ಖರ್ಚು.

ಫ್ರಿಜ್, ಗೀಸರ್ ಅರ್ಥ್ ಸರಿಯಿಲ್ಲದಿದ್ದರೂ ಓಡುತ್ತವೆ, ಅಪಾಯ ಗೊತ್ತೇ ಆಗುವುದಿಲ್ಲ. ಕಾರಿನ ಚಾರ್ಜರ್ ಅರ್ಥ್ ಸರಿಯಿದೆಯೇ ಎಂದು ಪರೀಕ್ಷಿಸಿಯೇ ಕರೆಂಟ್ ಬಿಡುತ್ತದಂತೆ. ಪೆಟ್ರೋಲ್ ಕಾರಿದ್ದಾಗ ನೆಲ ಅಗೆಯುವ ಕೆಲಸ ಇರಲಿಲ್ಲ ಬಿಡಿ! ಅಂದಹಾಗೆ, ಬೆಸ್ಕಾಂನಲ್ಲಿ ಇವಿ (ಎಲೆಕ್ಟ್ರಿಕ್ ವಾಹನ) ಚಾರ್ಜಿಂಗ್‌ಗೇ ಬೇರೆ ದರ ಇದೆ, ಅದಕ್ಕೆ ಪ್ರತ್ಯೇಕ ಮೀಟರ್ ಬೇಕು. ನಾನಿನ್ನೂ ಹಾಕಿಸಿಲ್ಲ.