ನೌಕರಿಯೋ ಸ್ವಂತ ಉದ್ಯಮವೋ: ತಮ್ಮನಿಗೆ ಒಂದು ಉತ್ತರ

ತಮ್ಮಾ, ನಮ್ಮ ಮನೆಯವರ ಫೋನ್ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆ ಓದಿದೆ. ನೌಕರಿ ಬಿಟ್ಟು ಸ್ವಂತ ಉದ್ಯಮಕ್ಕೆ ಕೈ ಹಾಕಿದರೆ ಮನಸ್ಸಿಗೆ ತೃಪ್ತಿ ಸಿಗುತ್ತದೆಯೇ ಎಂದು ಕೇಳಿದ್ದೀಯ. ತಿಂಗಳ ಸಂಬಳದ ನೆಮ್ಮದಿಗೆ ಸಮನಾದದ್ದು ಇಲ್ಲ ಎಂದು ದೊಡ್ಡಪ್ಪ ಆಗಲೇ ಹೇಳಿದ್ದಾರೆ. ದೊಡ್ಡಪ್ಪಾ, ನಿಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ. ಲೆಕ್ಕಪತ್ರದ ಕೆಲಸವನ್ನು ಬೇರೆಯವರ ಕೈಕೆಳಗೂ ಮಾಡಿದ್ದೇನೆ, ಈಗ ಸ್ವಂತವಾಗಿಯೂ ಮಾಡುತ್ತಿದ್ದೇನೆ. ಆದ್ದರಿಂದ ನಾನು ಕಂಡದ್ದನ್ನೂ ಸೇರಿಸುತ್ತೇನೆ.

ಹೆಚ್ಚು ಹಣ ಬರುತ್ತದೆ ಎಂಬ ಆಸೆಯಿಂದ ಹೊರಟಿದ್ದರೆ ಇನ್ನೊಮ್ಮೆ ಯೋಚಿಸು. ಅಮೆರಿಕದಲ್ಲಿ ಸ್ವಂತ ಉದ್ಯೋಗ ಮಾಡುವವರ ಗಳಿಕೆಯನ್ನು ಬಾರ್ಟನ್ ಹ್ಯಾಮಿಲ್ಟನ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2000ರಲ್ಲಿ ಪ್ರಕಟಿಸಿದರು. ಹತ್ತು ವರ್ಷ ವ್ಯವಹಾರ ನಡೆಸಿದ ಮೇಲೂ ನಡುಮಟ್ಟದವರ ಗಳಿಕೆ, ನೌಕರಿಯಲ್ಲೇ ಇದ್ದಿದ್ದರೆ ಬರುತ್ತಿದ್ದುದಕ್ಕಿಂತ ಶೇ 35ರಷ್ಟು ಕಡಿಮೆ ಇತ್ತು. ಆದರೂ ಹೆಚ್ಚಿನವರು ಮುಂದುವರಿಸಿದರು. ಏಕೆ? 23 ದೇಶಗಳ ಸಮೀಕ್ಷೆಗಳನ್ನು ನೋಡಿ 2008ರಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳುವಂತೆ, ಸ್ವಂತ ಉದ್ಯೋಗದವರಿಗೆ ಕೆಲಸದಲ್ಲಿ ಸಿಗುವ ತೃಪ್ತಿ ಹೆಚ್ಚು. ಮುಖ್ಯ ಕಾರಣ, ಕೆಲಸ ಆಸಕ್ತಿ ಹುಟ್ಟಿಸುತ್ತದೆ, ನಿರ್ಧಾರ ತಮ್ಮ ಕೈಯಲ್ಲೇ ಇರುತ್ತದೆ.

ಇದನ್ನು ನಾನು ದಿನವೂ ಕಾಣುತ್ತೇನೆ. ನೌಕರಿಯಲ್ಲಿದ್ದಾಗ ವರದಿ ಸಿದ್ಧಪಡಿಸಿ ಮೇಲಕ್ಕೆ ಕಳುಹಿಸಿದರೆ ಅಲ್ಲಿಗೆ ಮುಗಿಯಿತು. ಅದರಿಂದ ಯಾರಿಗೆ ಏನಾಯಿತು ಎಂಬುದು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಈಗ ಗಿರಾಕಿ ನನ್ನೆದುರೇ ಕುಳಿತು, ವಸೂಲಾಗದ ಬಿಲ್‌ಗಳ ಪಟ್ಟಿಯ ಮೇಲೆ ಬೆರಳಿಟ್ಟು, ‘ಲಾಭ ಇದ್ದರೂ ಕೈಯಲ್ಲಿ ಕಾಸಿಲ್ಲದ್ದು ಇದಕ್ಕೇ ಅಲ್ಲವೇ’ ಎನ್ನುತ್ತಾರೆ. ಅವರ ಮುಖದಲ್ಲಿ ಗೊಂದಲ ಕರಗುವುದನ್ನು ನೋಡುವುದಿದೆಯಲ್ಲ, ಅದಕ್ಕಾಗಿಯೇ ನಾನು ಈ ಕೆಲಸದಲ್ಲಿ ಇದ್ದೇನೆ.

ಆದರೆ ಅದೇ ಪಟ್ಟಿ ನನ್ನ ಮೇಜಿನ ಮೇಲೂ ಇದೆ. ತಿಂಗಳ ಕೊನೆಯಲ್ಲಿ ಜೊತೆ ಕೆಲಸ ಮಾಡುವವರ ಸಂಬಳ ಮೊದಲು, ಬಾಡಿಗೆ ನಂತರ, ನನ್ನದು ಕೊನೆಗೆ. ಯಾರೋ ಗಿರಾಕಿ ಬಿಲ್ ಬಾಕಿ ಉಳಿಸಿಕೊಂಡರೆಂದು ಜೊತೆಯವರ ಸಂಬಳ ನಿಲ್ಲಿಸಲು ನನಗೆ ಹಕ್ಕಿಲ್ಲ. ನಿರ್ಧಾರ ನಿನ್ನದಾದಾಗ ಅದರ ಭಾರವೂ ನಿನ್ನದೇ. ಅದನ್ನು ಹೊರಲು ಮನಸ್ಸಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ನೌಕರಿಯಲ್ಲಿ ಇರುವವರು ಬದುಕನ್ನು ವ್ಯರ್ಥ ಮಾಡುತ್ತಿದ್ದಾರೆ ಎಂಬ ಧ್ವನಿ ನಿನ್ನ ಸಂದೇಶದಲ್ಲಿತ್ತು, ಅದನ್ನು ನಾನು ಒಪ್ಪುವುದಿಲ್ಲ. ಅತ್ತಿಗೆ ಆಸ್ಪತ್ರೆಯಲ್ಲಿ ಸಂಬಳಕ್ಕೇ ದುಡಿಯುತ್ತಾರೆ. ಪಾಳಿ ಮುಗಿಸಿ ಮನೆಗೆ ಬಂದ ಮೇಲೂ ಫೋನ್ ಮಾಡಿ, ಆ ರೋಗಿಗೆ ಜ್ವರ ಇಳಿಯಿತೇ ಎಂದು ವಿಚಾರಿಸುತ್ತಾರೆ. ಅವರಿಗೆ ಕೆಲಸದಲ್ಲಿ ತೃಪ್ತಿ ಇಲ್ಲ ಎಂದು ಯಾರು ಹೇಳಿಯಾರು? ನಿನಗೆ ಬೇಸರ ತಂದಿರುವುದು ನೌಕರಿಯೋ, ಈಗಿನ ಮೇಲಧಿಕಾರಿಯೋ? ಮೇಲಧಿಕಾರಿಯಾದರೆ ಬೇರೆ ಕಡೆ ಕೆಲಸ ಹುಡುಕಿದರೂ ಸಾಕು.

ಉದ್ಯಮವೇ ಬೇಕೆಂದರೆ, ರಾಜೀನಾಮೆಗೆ ಅವಸರಪಡಬೇಡ. 1976ರಲ್ಲಿ ಆಪಲ್ ಕಂಪನಿ ಆರಂಭವಾದಾಗ ಅದರ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಇನ್ನೂ ಹ್ಯೂಲೆಟ್ ಪ್ಯಾಕರ್ಡ್ ಎಂಬ ಬೇರೆ ಕಂಪನಿಯ ನೌಕರರಾಗಿದ್ದರು. ಸಂಜೆ ಮತ್ತು ರಜಾದಿನಗಳಲ್ಲಿ ಶುರು ಮಾಡು. ನಿನ್ನ ನೇಮಕಾತಿ ಕರಾರು ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮಾತ್ರ ಮೊದಲೇ ಓದಿಕೋ. ನೆಂಟರಲ್ಲದ, ಸ್ನೇಹಿತರಲ್ಲದ ಒಬ್ಬರು ಪೂರ್ತಿ ಬೆಲೆ ಕೊಟ್ಟು ಕೊಳ್ಳಲಿ, ಮತ್ತೆ ಹುಡುಕಿಕೊಂಡು ಬರಲಿ. ಅಷ್ಟರಲ್ಲಿ ಮನೆಯ ಆರು ತಿಂಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ನನಗೆ ಕಳುಹಿಸು, ಗುಂಪಿನಲ್ಲಿ ಹಾಕಬೇಡ. ಭಾನುವಾರ ಇಬ್ಬರೂ ಕುಳಿತು ನೋಡೋಣ.