ದೂರದ ಗ್ರಹದಲ್ಲಿ ಯಾತ್ರಿಯ ಕೈ ನಡುಗುತ್ತದೆ, ನಡೆಸಿದರೆ ಕದಲುವುದಿಲ್ಲ: ಪರಿಹಾರ ಬೇಕಾಗಿದೆ

ಪ್ರಶ್ನೆ

ಅನ್ಯಗ್ರಹಗಳಲ್ಲಿ ಇಳಿದು ಅಲ್ಲಿನ ನೆಲ, ಗುಹೆ, ಸಸ್ಯಗಳನ್ನು ಶೋಧಿಸುತ್ತ ಸಾಗುವ ಒಂದು ವೈಜ್ಞಾನಿಕ ಕಲ್ಪನೆಯ ಗೇಮನ್ನು ನಾವಿಬ್ಬರು ಸೇರಿ ಯೂನಿಟಿ ಎಂಬ ಗೇಮ್ ಇಂಜಿನ್ನಿನಲ್ಲಿ (ಗೇಮ್ ಕಟ್ಟುವ ತಂತ್ರಾಂಶದಲ್ಲಿ) ಕಟ್ಟುತ್ತಿದ್ದೇವೆ. ಒಂದು ಯೂನಿಟ್ಟಿಗೆ ಒಂದು ಮೀಟರ್ ಎಂಬ ಅಳತೆಯನ್ನು ಇಟ್ಟುಕೊಂಡಿದ್ದೇವೆ. ಆಟ ಆರಂಭವಾಗುವ ಗ್ರಹವು ಮೂಲಬಿಂದುವಿನಲ್ಲಿದ್ದು, ಅಲ್ಲಿ ಯಾವ ತೊಂದರೆಯೂ ಇಲ್ಲ. ಎಕ್ಸ್ ಅಕ್ಷದ ಮೇಲೆ ಸುಮಾರು 1,500 ಕಿಲೋಮೀಟರ್ ದೂರದಲ್ಲಿರುವ ಮೂರನೆಯ ಗ್ರಹದಲ್ಲಿ ಇಳಿದ ಕೂಡಲೇ ಯಾತ್ರಿಯ ಕೈಗವಸುಗಳು ನಡುಗುತ್ತವೆ, ನೆರಳಿನ ಅಂಚು ಅಲುಗಾಡುತ್ತದೆ, ನಿಂತ ನೌಕೆಯ ಕಾಲುಗಳು ನೆಲಕ್ಕೆ ಬಡಿದು ಕೆಲವೊಮ್ಮೆ ನೌಕೆಯೇ ಮೇಲಕ್ಕೆ ಚಿಮ್ಮುತ್ತದೆ.

ನಮಗೆ ಅರ್ಥವಾಗದೇ ಇರುವುದು ಇದು: ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಎಕ್ಸ್ ದಿಕ್ಕಿಗೆ ನಡೆಸಿದರೆ ಯಾತ್ರಿ ಇದ್ದ ಜಾಗದಿಂದ ಕದಲುವುದೇ ಇಲ್ಲ, ಆದರೆ ಅದಕ್ಕೆ ಅಡ್ಡಲಾಗಿ ಜ಼ೆಡ್ ದಿಕ್ಕಿಗೆ ಸರಾಗವಾಗಿ ನಡೆಯುತ್ತಾನೆ. ಎಕ್ಸ್ ದಿಕ್ಕಿಗೆ ಓಡಿಸಿದರೆ ಚಲಿಸುತ್ತಾನಾದರೂ, ನಾವು ಕೊಟ್ಟ ವೇಗ 6 ಮೀಟರ್ ಆಗಿದ್ದು ಅಳೆದಾಗ 7.5 ಮೀಟರ್ ಬರುತ್ತದೆ. ಇದು ಸೆಕೆಂಡಿಗೆ 60 ಫ್ರೇಮ್ (ಚಿತ್ರ) ತೋರಿಸುವ ಪರದೆಯಲ್ಲಿ. 144 ಫ್ರೇಮ್‌ನ ಪರದೆಯಲ್ಲಿ ಓಡಿಸಿದರೂ ಕದಲುವುದಿಲ್ಲ. ಭೌತಿಕ ಲೆಕ್ಕದ ಕಾಲಾಂತರವನ್ನು ಕಿರಿದು ಮಾಡಿದೆವು, ಎರಡು ಲೆಕ್ಕಗಳ ನಡುವಿನ ಸ್ಥಾನವನ್ನು ಅಂದಾಜಿಸಿ ಚಲನೆಯನ್ನು ನಯಗೊಳಿಸುವ ಇಂಟರ್‌ಪೊಲೇಷನ್ ಹಾಕಿದೆವು, ಪ್ರಯೋಜನವಾಗಲಿಲ್ಲ. ಅಳತೆಯನ್ನೇ ಬದಲಿಸಿ, ಒಂದು ಯೂನಿಟ್ಟಿಗೆ ಹತ್ತು ಮೀಟರ್ ಎಂದು ಇಟ್ಟುಕೊಂಡರೆ ಸರಿಹೋಗಬಹುದೇ?

ಮೊದಲ ಉತ್ತರ

ನೀವು ಗಮನಿಸಿ ಬರೆದಿರುವ ಲಕ್ಷಣಗಳಲ್ಲೇ ಕಾರಣ ಸ್ಪಷ್ಟವಾಗಿದೆ. ಯೂನಿಟಿ ಪ್ರತಿ ವಸ್ತುವಿನ ಸ್ಥಾನವನ್ನು 32 ಬಿಟ್‌ನ ಫ್ಲೋಟ್ (ದಶಮಾಂಶ) ಸಂಖ್ಯೆಗಳಲ್ಲಿ ಇಡುತ್ತದೆ. ಅದರಲ್ಲಿ ಸುಮಾರು ಏಳು ಅಂಕಿಗಳಷ್ಟು ನಿಖರತೆ ಮಾತ್ರ ಸಿಗುತ್ತದೆ, ಆದ್ದರಿಂದ ಮೂಲಬಿಂದುವಿನಿಂದ ದೂರ ಹೋದಂತೆಲ್ಲ ಒಂದು ಸಂಖ್ಯೆಗೂ ಅದರ ಮುಂದಿನ ಸಂಖ್ಯೆಗೂ ನಡುವಿನ ಅಂತರ ಹಿಗ್ಗುತ್ತದೆ. 1 ಕಿಲೋಮೀಟರ್ ದೂರದಲ್ಲಿ ಈ ಅಂತರ ಸುಮಾರು 0.06 ಮಿಲಿಮೀಟರ್, 10 ಕಿಲೋಮೀಟರ್‌ನಲ್ಲಿ ಹತ್ತಿರಹತ್ತಿರ 1 ಮಿಲಿಮೀಟರ್, 100 ಕಿಲೋಮೀಟರ್‌ನಲ್ಲಿ ಸುಮಾರು 8 ಮಿಲಿಮೀಟರ್. ನಿಮ್ಮ 1,500 ಕಿಲೋಮೀಟರ್‌ನಲ್ಲಿ ಅದು 12.5 ಸೆಂಟಿಮೀಟರ್ ಆಗಿರುತ್ತದೆ.

ಈಗ ನಿಮ್ಮ ಯಾತ್ರಿಯ ನಡಿಗೆಯನ್ನೇ ನೋಡಿ. ಸೆಕೆಂಡಿಗೆ 1.5 ಮೀಟರ್ ಎಂದರೆ 60 ಫ್ರೇಮ್‌ನಲ್ಲಿ ಒಂದು ಫ್ರೇಮಿಗೆ 2.5 ಸೆಂಟಿಮೀಟರ್. ಇದು 12.5ರ ಅರ್ಧಕ್ಕಿಂತ ಕಡಿಮೆ ಇರುವುದರಿಂದ ಕೂಡಿಸಿದ ಮೊತ್ತ ಮತ್ತೆ ಹಳೆಯ ಸ್ಥಾನಕ್ಕೇ ಬಂದು ನಿಲ್ಲುತ್ತದೆ, ಯಾತ್ರಿ ಕದಲುವುದಿಲ್ಲ. ಓಡುವಾಗ ಫ್ರೇಮಿಗೆ 10 ಸೆಂಟಿಮೀಟರ್ ಆಗುತ್ತದೆ, ಅದು 12.5ಕ್ಕೆ ಏರಿ, ಸೆಕೆಂಡಿಗೆ ಸರಿಯಾಗಿ 7.5 ಮೀಟರ್ ಬರುತ್ತದೆ. 144 ಫ್ರೇಮ್‌ನಲ್ಲಿ ಓಟದ ಹೆಜ್ಜೆಯೂ 4.2 ಸೆಂಟಿಮೀಟರಿಗೆ ಇಳಿಯುವುದರಿಂದ ಅದೂ ಅಳಿಸಿಹೋಗುತ್ತದೆ. ಕಾಲಾಂತರವನ್ನು ಕಿರಿದು ಮಾಡಿದಷ್ಟೂ ತೊಂದರೆ ಹೆಚ್ಚುವುದಕ್ಕೆ ಇದೇ ಕಾರಣ. ಜ಼ೆಡ್ ದಿಕ್ಕಿನಲ್ಲಿ ನಿಮ್ಮ ನಿರ್ದೇಶಾಂಕ ಚಿಕ್ಕದಿರುವುದರಿಂದ ಅಲ್ಲಿ ನಡಿಗೆ ಸರಾಗವಾಗಿದೆ.

ಅಳತೆಯನ್ನು ಬದಲಿಸುವುದರಿಂದ ಏನೂ ಸಿಗುವುದಿಲ್ಲ. ಫ್ಲೋಟ್‌ನ ನಿಖರತೆ ಸಂಖ್ಯೆಯ ಗಾತ್ರಕ್ಕೆ ಅನುಗುಣವಾಗಿರುವುದರಿಂದ, ದೂರವನ್ನು ಹತ್ತರಿಂದ ಭಾಗಿಸಿದರೆ ಹೆಜ್ಜೆಯೂ ಹತ್ತರಿಂದ ಭಾಗವಾಗಿ, ಎರಡರ ಅನುಪಾತ ಇದ್ದಲ್ಲಿಯೇ ಉಳಿಯುತ್ತದೆ. ಈ ಸಲಹೆ ಎಲ್ಲೆಡೆ ಕೇಳಿಬರುತ್ತದೆ, ದಯವಿಟ್ಟು ಅದರಲ್ಲಿ ಸಮಯ ಕಳೆಯಬೇಡಿ.

ಮಾಡಬೇಕಾದದ್ದು, ಆಟಗಾರನನ್ನು ಸದಾ ಮೂಲಬಿಂದುವಿನ ಸಮೀಪದಲ್ಲಿಟ್ಟು ಜಗತ್ತನ್ನು ಅವನ ಸುತ್ತ ಸರಿಸುವುದು. 2019ರಲ್ಲಿ ಬಂದ ಔಟರ್ ವೈಲ್ಡ್ಸ್ ಕೂಡ ಯೂನಿಟಿಯಲ್ಲೇ ಕಟ್ಟಿದ ಗೇಮ್. ಅದರಲ್ಲಿ ಇಡೀ ಸೌರಮಂಡಲವು ಆಟಗಾರನ ಸುತ್ತ ಸರಿಯುತ್ತದೆ. ನಿಮ್ಮಲ್ಲಿ ಪ್ರತಿ ಗ್ರಹ ಮತ್ತು ನೌಕೆಯ ನಿಜವಾದ ಸ್ಥಾನವನ್ನು ಇನ್ನೂ ಹೆಚ್ಚು ನಿಖರವಾದ 64 ಬಿಟ್‌ನ ಡಬಲ್ ಸಂಖ್ಯೆಯಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಆಟಗಾರ ಮೂಲಬಿಂದುವಿನಿಂದ ಒಂದು ಕಿಲೋಮೀಟರಿನಷ್ಟು ದೂರ ಬಂದಾಗಲೆಲ್ಲ ಆ ಅಂತರವನ್ನು ಎಲ್ಲ ವಸ್ತುಗಳಿಂದಲೂ ಒಂದೇ ಫ್ರೇಮಿನಲ್ಲಿ ಕಳೆದುಬಿಡಿ. ಇಲ್ಲಿ ಲೆಕ್ಕದ ಕ್ರಮವೇ ಮುಖ್ಯ: ಮೊದಲು ಡಬಲ್‌ನಲ್ಲಿ ಕಳೆದು, ಉಳಿದ ಚಿಕ್ಕ ಸಂಖ್ಯೆಯನ್ನು ಫ್ಲೋಟಿಗೆ ಬದಲಿಸಬೇಕು. ಮೊದಲೇ ಫ್ಲೋಟಿಗೆ ಬದಲಿಸಿ ಆಮೇಲೆ ಕಳೆದರೆ ಆ 12.5 ಸೆಂಟಿಮೀಟರಿನ ದೋಷ ಹಾಗೆಯೇ ಉಳಿದುಕೊಳ್ಳುತ್ತದೆ.

ಸರಿಸುವ ಅಂತರವನ್ನು 1,024 ಮೀಟರಿನ ಗುಣಕವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ನೆಲದ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) 4 ಅಥವಾ 8 ಮೀಟರಿಗೊಮ್ಮೆ ಮರುಕಳಿಸುತ್ತಿದ್ದು, ಜಗತ್ತಿನ ನಿರ್ದೇಶಾಂಕದಿಂದ ಅದನ್ನು ಹಾಸುತ್ತಿದ್ದರೆ, ಸ್ಥಳಾಂತರದ ವೇಳೆ ಕಲ್ಲು ಮಣ್ಣಿನ ವಿನ್ಯಾಸ ಜಾರಿದಂತೆ ಕಾಣುವುದು ಇದರಿಂದ ತಪ್ಪುತ್ತದೆ. ಧೂಳಿನ ಕಣಗಳು, ನೌಕೆಯ ಹಿಂದಿನ ಬೆಳಕಿನ ಜಾಡು, ಹಿಂದಿನ ಫ್ರೇಮಿನ ಸ್ಥಾನವನ್ನು ನೆನಪಿಟ್ಟುಕೊಳ್ಳುವ ಕ್ಯಾಮೆರಾ, ಇವೆಲ್ಲವನ್ನೂ ಅದೇ ಫ್ರೇಮಿನಲ್ಲಿ ಸರಿಸಬೇಕು. ಈ ಸ್ಥಳಾಂತರದಲ್ಲಿ ವೇಗವನ್ನು ಮಾತ್ರ ಮುಟ್ಟಬಾರದು.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಿಮ್ಮ ಗ್ರಹಗಳು ಸೂರ್ಯನ ಸುತ್ತ ಚಲಿಸುತ್ತಿದ್ದರೆ ವೇಗದ ವಿಷಯದಲ್ಲೂ ಇದೇ ಕ್ರಮ ಬೇಕಾಗುತ್ತದೆ. ನೆಲದ ಮೇಲೆ ನಿಂತ ನೌಕೆಗೆ ಸೆಕೆಂಡಿಗೆ ನೂರಾರು ಮೀಟರ್ ವೇಗವಿದ್ದರೆ, ನೆಲಕ್ಕೂ ಅದರ ಕಾಲುಗಳಿಗೂ ನಡೆಯುವ ಘರ್ಷಣೆಯ ಲೆಕ್ಕ ಕೆಡುತ್ತದೆ. ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ಬಾಹ್ಯಾಕಾಶದ ಗೇಮಿನಲ್ಲಿ ನೌಕೆಗಳು ಹೀಗೆ ತಾವಾಗಿಯೇ ಸಿಡಿದುಹೋಗುವುದನ್ನು ಆಟಗಾರರು ಕ್ರಾಕನ್ ಎಂಬ ಕಡಲರಾಕ್ಷಸನ ಕಾಟವೆಂದು ಕರೆದರು, ನೌಕೆಯ ವೇಗವನ್ನೂ ಜಗತ್ತಿಗೆ ವರ್ಗಾಯಿಸುವ ಪರಿಹಾರಕ್ಕೆ ಕ್ರಾಕನ್ಸ್‌ಬೇನ್ ಎಂಬ ಹೆಸರು ಬಂತು. ನೀವು ಇಳಿದ ಗ್ರಹವನ್ನೇ ಸ್ಥಿರವೆಂದು ಪರಿಗಣಿಸಿ, ಸೂರ್ಯ ಮತ್ತು ಉಳಿದ ಗ್ರಹಗಳನ್ನು ಅದಕ್ಕೆ ಸಾಪೇಕ್ಷವಾಗಿ ಚಲಿಸಲು ಬಿಡಿ.

ಇಂಜಿನ್ನನ್ನೇ ಬದಲಿಸುವ ಯೋಚನೆ ಬಂದರೆ, 2022ರಲ್ಲಿ ಹೊರಬಂದ ಅನ್‌ರಿಯಲ್ 5 ಸ್ಥಾನಗಳನ್ನು ಡಬಲ್‌ನಲ್ಲಿ ಇಡುತ್ತದೆ. ಗೊಡೋ 4ರಲ್ಲಿ ಇಂಜಿನ್ನನ್ನು ಆ ಆಯ್ಕೆಯೊಂದಿಗೆ ನಾವೇ ಕಂಪೈಲ್ ಮಾಡಿಕೊಳ್ಳಬೇಕು. ಅರ್ಧ ಕಟ್ಟಿದ ಗೇಮನ್ನು ಇದೊಂದು ಕಾರಣಕ್ಕೆ ಬೇರೆಡೆಗೆ ಸಾಗಿಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಡುಕ ಸಂಪೂರ್ಣವಾಗಿ ನಿಂತಿದೆ. ಮೂರನೆಯ ಗ್ರಹದಲ್ಲಿ ಯಾತ್ರಿ ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ನಡೆಯುತ್ತಾನೆ. ಇನ್ನೆರಡು ತೊಂದರೆಗಳು ಉಳಿದಿವೆ. ದೂರದ ಬೆಟ್ಟಗಳ ಮೇಲ್ಮೈ ಮಿನುಗುತ್ತದೆ, ಹಿಂದಿನ ಬೆಟ್ಟ ಮುಂದಿನದನ್ನು ತೂರಿಕೊಂಡು ಕಾಣುತ್ತದೆ. ಇದು ಚಿತ್ರ ಬಿಡಿಸಲು ಓಪನ್‌ಜಿಎಲ್ ಎಂಬ ವ್ಯವಸ್ಥೆಯನ್ನು ಬಳಸುವ ಬಿಲ್ಡ್‌ನಲ್ಲಿ (ಗೇಮಿನ ಆವೃತ್ತಿಯಲ್ಲಿ) ಮಾತ್ರ ಇದೆ, ವಲ್ಕನ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಬಳಸುವುದರಲ್ಲಿ ಇಲ್ಲ. ಎರಡನೆಯದಾಗಿ, ನೆಲದ ತುಂಡುಗಳು ಸೇರುವ ಕಡೆ ಕೂದಲೆಳೆಯಷ್ಟು ಸೀಳು ಬಿಟ್ಟು ಅದರಲ್ಲಿ ಆಕಾಶದ ಬಣ್ಣ ಕಾಣುತ್ತದೆ. ಕ್ಯಾಮೆರಾದ ಹತ್ತಿರದ ಮಿತಿ (ಇದಕ್ಕಿಂತ ಸಮೀಪದ್ದನ್ನು ಅದು ಚಿತ್ರಿಸುವುದಿಲ್ಲ) 1 ಸೆಂಟಿಮೀಟರ್ ಇದೆ.

ಮೊದಲ ಉತ್ತರ ಕೊಟ್ಟವರಿಂದ

ಮಿನುಗುವುದು, ಪರದೆಯ ಪ್ರತಿ ಬಿಂದು ಕ್ಯಾಮೆರಾದಿಂದ ಎಷ್ಟು ಆಳದಲ್ಲಿದೆ ಎಂದು ದಾಖಲಿಸುವ ಡೆಪ್ತ್ ಬಫರ್‌ನ ತೊಂದರೆ, ಮೂಲಬಿಂದುವಿಗೂ ಅದಕ್ಕೂ ಸಂಬಂಧವಿಲ್ಲ. ವಲ್ಕನ್‌ನಲ್ಲಿ ಯೂನಿಟಿ ಆಳವನ್ನು ತಿರುಗುಮುರುಗಾಗಿ ಬರೆಯುವುದರಿಂದ ದೂರದ ವಸ್ತುಗಳಿಗೂ ನಿಖರತೆ ಸಿಗುತ್ತದೆ, ಓಪನ್‌ಜಿಎಲ್‌ನಲ್ಲಿ ಹಾಗೆ ಮಾಡುವುದಿಲ್ಲ. 24 ಬಿಟ್‌ನ ಸಾಂಪ್ರದಾಯಿಕ ಬಫರಿನಲ್ಲಿ ಹತ್ತಿರದ ಮಿತಿ 1 ಸೆಂಟಿಮೀಟರ್ ಇದ್ದರೆ, 10 ಕಿಲೋಮೀಟರ್ ಆಚೆಗೆ ಸುಮಾರು 600 ಮೀಟರ್ ಅಂತರದ ಎರಡು ಮೇಲ್ಮೈಗಳನ್ನೂ ಅದು ಬೇರ್ಪಡಿಸಲಾರದು. ಮಿತಿಯನ್ನು 50 ಸೆಂಟಿಮೀಟರಿಗೆ ಏರಿಸಿದರೆ ಅದೇ ದೂರದಲ್ಲಿ 12 ಮೀಟರ್ ಸಾಕಾಗುತ್ತದೆ. ಕೈಗವಸುಗಳು ಕತ್ತರಿಸಿದಂತೆ ಕಾಣದಿರಲು ಅವುಗಳನ್ನು ಪ್ರತ್ಯೇಕ ಕ್ಯಾಮೆರಾದಲ್ಲಿ ಚಿತ್ರಿಸಿ.

ಸೀಳಿನ ಕಾರಣ ಬೇರೆ. ಅಕ್ಕಪಕ್ಕದ ಎರಡು ತುಂಡುಗಳು ಒಂದೇ ಅಂಚಿನ ಬಿಂದುವನ್ನು ತಮ್ಮ ತಮ್ಮ ಕೇಂದ್ರದಿಂದ ಲೆಕ್ಕ ಹಾಕುತ್ತಿರಬೇಕು. ಆಗ ಕೊನೆಯ ಅಂಕಿಯಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಪ್ರತಿ ಬಿಂದುವಿಗೂ ಇಡೀ ಗ್ರಹಕ್ಕೆ ಸಾಮಾನ್ಯವಾದ ಪೂರ್ಣಾಂಕದ ಗುರುತು ಕೊಟ್ಟು, ಆ ಗುರುತಿನಿಂದಲೇ ಡಬಲ್‌ನಲ್ಲಿ ಎತ್ತರವನ್ನು ಲೆಕ್ಕ ಹಾಕಿ. ಎರಡೂ ಕಡೆಯ ಲೆಕ್ಕ ಆಗ ಕೊನೆಯ ಬಿಟ್‌ವರೆಗೂ ಒಂದೇ ಆಗಿರುತ್ತದೆ. ತುಂಡುಗಳ ಕೇಂದ್ರಗಳನ್ನೂ ಮೀಟರಿನ ಪೂರ್ಣ ಗುಣಕಗಳಲ್ಲಿಟ್ಟು, ಬಿಂದುಗಳ ಸ್ಥಾನವನ್ನು 1/1,024 ಮೀಟರಿನ ಗುಣಕಕ್ಕೆ ಸರಿಹೊಂದಿಸಿದರೆ ಫ್ಲೋಟಿಗೆ ಬದಲಿಸುವಾಗಲೂ ವ್ಯತ್ಯಾಸ ನುಸುಳುವುದಿಲ್ಲ.

ಉಳಿಸುವ ಕಡತವನ್ನೂ ಈಗಲೇ ನೋಡಿಕೊಳ್ಳಿ. ಸ್ಥಳಾಂತರವಾದ ನಂತರ ಪರದೆಯ ಮೇಲಿನ ಸ್ಥಾನಕ್ಕೆ ಸ್ವತಂತ್ರ ಅರ್ಥವಿರುವುದಿಲ್ಲ, ಆದ್ದರಿಂದ ಯಾವ ಗ್ರಹ, ಆ ಗ್ರಹದ ಕೇಂದ್ರದಿಂದ ಎಷ್ಟು ದೂರ ಎಂಬುದನ್ನು ಡಬಲ್‌ನಲ್ಲಿ ಬರೆದಿಡಿ. ಹಳೆಯ ಕಡತಗಳಲ್ಲಿ ಮೂರನೆಯ ಗ್ರಹದ ಮೇಲೆ ಉಳಿಸಿದ ಸ್ಥಾನಗಳು 12.5 ಸೆಂಟಿಮೀಟರಿನಷ್ಟು ಒರಟಾಗಿರುತ್ತವೆ. ಅವನ್ನು ತೆರೆಯುವಾಗ ಯಾತ್ರಿಯನ್ನು ನೆಲದಿಂದ ಅರ್ಧ ಮೀಟರ್ ಮೇಲಿಟ್ಟು ಇಳಿಸಿದರೆ ಆತ ನೆಲದೊಳಗೆ ಸಿಕ್ಕಿಕೊಳ್ಳುವುದಿಲ್ಲ.