ಪದಚರ್ಚೆ: ‘ಬ್ರೇಕ್ ಹಿಡೀವಲ್ದು’, ‘ಬ್ರೇಕ್ ಹಿಡ್ಕಂಡೈತಿ’

ಎಲ್ಲರಿಗೂ ನಮಸ್ಕಾರ.

ಬಳ್ಳಾರಿ, ಸಂಡೂರು ಕಡೆಯ ಅದಿರು ಲಾರಿ ಚಾಲಕರಿಗೆ, ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಎಂಬ ಸರ್ಕಾರಿ ಪ್ರಮಾಣಪತ್ರಕ್ಕೆ) ಹೋಗುವ ಮುಂಚೆ ಏನೇನು ನೋಡಿಕೊಳ್ಳಬೇಕು ಎಂಬ ಕನ್ನಡ ಪಟ್ಟಿಯೊಂದು ಸಿದ್ಧವಾಗುತ್ತಿದೆ. (ಲಾರಿಗೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ.) ಅದರ ಕರಡಿನಲ್ಲಿ ‘ಬ್ರೇಕ್ ದೋಷ’ ಎಂದಷ್ಟೇ ಇದೆ. ಗ್ಯಾರೇಜಿನಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ಅಲ್ಲಿರುವುದು ಎರಡು ಮಾತು, ಒಂದಕ್ಕೊಂದು ಪೂರಾ ಉಲ್ಟಾ.

‘ಹಿಡೀವಲ್ದು’ ಎಂದರೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಲೈನಿಂಗ್ (ಗಾಲಿಯ ಜೊತೆ ತಿರುಗುವ ಡ್ರಮ್ಮಿಗೆ ಒತ್ತಿ ನಿಲ್ಲಿಸುವ ಪಟ್ಟಿ) ಸವೆದಿರುತ್ತದೆ, ಇಲ್ಲವೇ ಗಾಲಿಯ ನಡುವಿನ ಹಬ್‌ನ ಸೀಲ್ ಸೋರಿ ಲೈನಿಂಗಿಗೆ ಗ್ರೀಸ್ ಹತ್ತಿರುತ್ತದೆ. ಗ್ರೀಸ್ ಕುಡಿದ ಲೈನಿಂಗನ್ನು ಎಷ್ಟು ಒರೆಸಿದರೂ ಅಷ್ಟೆ. ಸೀಲ್ ಹಾಕಿ, ಲೈನಿಂಗನ್ನು ಎರಡೂ ಬದಿಯ ಗಾಲಿಗೆ ಬದಲಿಸಬೇಕು. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.

‘ಹಿಡ್ಕಂಡೈತಿ’ (ರಾಯಚೂರಲ್ಲಿ ‘ಹಿಡ್ಕಂಡದ’) ಎಂದರೆ ಪೆಡಲ್ ಬಿಟ್ಟರೂ ಲೈನಿಂಗ್ ಡ್ರಮ್ ಬಿಡುವುದಿಲ್ಲ. ಜಾಕ್ ಎತ್ತಿ ಗಾಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಆ ಒಂದು ಡ್ರಮ್ಮಿನ ಹತ್ತಿರ ಅಂಗೈ ಹಿಡಿದರೆ ಝಳ ಹೊಡೆಯುತ್ತದೆ; ಮುಟ್ಟಬೇಡಿ. ಅದಿರಿನ ಧೂಳು ಕೂತು ಲೈನಿಂಗನ್ನು ಡ್ರಮ್ಮಿಗೆ ಒತ್ತುವ ಕ್ಯಾಮ್ ಶಾಫ್ಟಿನ ಬುಷ್ ಒಣಗಿರುವುದು, ರಿಟರ್ನ್ ಸ್ಪ್ರಿಂಗ್ ಸಡಿಲವಾಗಿರುವುದು, ಲೈನಿಂಗಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಅತಿಯಾಗಿ ಬಿಗಿದಿರುವುದು ಇದಕ್ಕೆ ಕಾರಣ. ಕೈಯಿಂದ ಬಿಗಿಯುವ ಅಡ್ಜಸ್ಟರ್ ಆದರೆ ಲೈನಿಂಗ್ ತಾಗುವವರೆಗೆ ಬಿಗಿದು, ಕಾಲು ಸುತ್ತಿನಿಂದ ಅರ್ಧ ಸುತ್ತಿನವರೆಗೆ ಹಿಂದಕ್ಕೆ ಬಿಡಬೇಕು.

ಹಿಡಿಯುವುದು ಬ್ರೇಕಿನ ಕೆಲಸ. ‘ಕೊಳ್ಳು’ ಸೇರಿದೊಡನೆ ಅದೇ ರೋಗದ ಹೆಸರಾಗುತ್ತದೆ. ಕನ್ನಡದ ಇಷ್ಟು ಚಂದದ ಕೆಲಸವನ್ನು ‘ದೋಷ’ ಎಂಬ ಒಂದೇ ಪದ ನುಂಗಿಬಿಡುತ್ತದೆ. ‘ಜಾಮ್’ ಎಂದೂ ಬರೆಯಲಾಗದು: ಜಾಮ್ ಆದ ಗಾಲಿ ತಿರುಗುವುದೇ ಇಲ್ಲ, ಇದು ತಿರುಗುತ್ತಲೇ ಬಿಸಿಯಾಗುತ್ತದೆ.

‘ಹಿಡಿಯುತ್ತಿಲ್ಲ’, ‘ಹಿಡಿದುಕೊಂಡಿದೆ’ ಎಂದೇ ಅಚ್ಚು ಹಾಕಿಸಿದರೆ ಮೈಸೂರು, ಮಂಗಳೂರಿನ ಚಾಲಕರಿಗೂ ಈ ವ್ಯತ್ಯಾಸ ತಿಳಿದೀತೇ? ಕೊಪ್ಪಳ, ಗಂಗಾವತಿ ಕಡೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.

ಜೊತೆಗೆ ಇನ್ನೊಂದು: ಮುಂಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಿಗುವ ಸಡಿಲಕ್ಕೆ ‘ಆಟ’ ಎನ್ನುತ್ತಾರೆ. ಬ್ರೇಕ್ ಒತ್ತಿಸಿದಾಗ ಆಟ ನಿಂತರೆ ಬೇರಿಂಗಿನದು, ನಿಲ್ಲದಿದ್ದರೆ ಮುಂಗಾಲಿ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ನಿನದು. ಈ ‘ಆಟ’ ಯಾವುದಾದರೂ ನಿಘಂಟಿನಲ್ಲಿ ಈ ಅರ್ಥದಲ್ಲಿ ಸೇರಿದೆಯೇ?